ಬೆಳಗಿಗೆ ಪಟ್ಟದಕಲ್ಲು, ಸಂಜೆಗೆ ಬಾದಾಮಿ: ಮಲಪ್ರಭೆಯ ದಂಡೆಯಲ್ಲಿ ಫೋಟೊಗೆ ಎಲ್ಲಿಗೆ ಹೋಗಬೇಕು?

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. ಬೆಳಗಾವಿಯ ಗೆಳೆಯರು, ವಿಜಯಪುರದ ಬೀಗರು, ಒಮ್ಮೊಮ್ಮೆ ಅವರ ಪರಿಚಯದವರು. "ಸರ್ರಾ, ಒಂದ ದಿನ ರಜಾ ಐತ್ರಿ. ಬಾದಾಮಿ, ಪಟ್ಟದಕಲ್ಲು, ಐಹೊಳಿ ಮೂರೂ ಆಗತಾವೇನ್ರಿ?" ಆಗುತ್ತವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಸುಮಾರು 13. ಸ್ವಂತ ಗಾಡಿ ಇದ್ದರೆ ಮೂರನ್ನೂ ಮುಟ್ಟಿ ಬರಬಹುದು. ಆದರೆ ಕೈಯಲ್ಲಿ ಕ್ಯಾಮೆರಾ ಇದ್ದು, ಒಳ್ಳೆಯ ಫೋಟೊ ಬೇಕು ಅನ್ನುವವರಿಗೆ ನಾನು ಕೊಡುವ ಉತ್ತರ ಬೇರೆ.

ನಾನು ಬಾಗಲಕೋಟೆಯವನು. ಮೊದಲ ಸಲ ಕ್ಯಾಮೆರಾ ಕೊಂಡಾಗ ಬೆಳಗಾವಿಯಿಂದ ತಂಗಿಯ ಮನೆಯವರು ಬಂದಿದ್ದರು. ಬಾಡಿಗೆ ಗಾಡಿ ಮಾಡಿ ಮೂರೂ ಊರು ಒಂದೇ ದಿನ ಸುತ್ತಿದೆವು. ಬಾದಾಮಿಗೆ ಬೆಳಿಗ್ಗೆ, ಪಟ್ಟದಕಲ್ಲಿಗೆ ಹನ್ನೆರಡೂವರೆಗೆ, ಐಹೊಳೆಗೆ ಊಟದ ಹೊತ್ತು ಮೀರಿದ ಮೇಲೆ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ನಾನೂರಕ್ಕೂ ಹೆಚ್ಚು ಫೋಟೊ ತೆಗೆದೆ. ರಾತ್ರಿ ಟಿವಿಗೆ ಹಾಕಿ ಎಲ್ಲರಿಗೂ ತೋರಿಸಿದೆ. ಅವ್ವ ಸುಮ್ನೆ ನೋಡುತ್ತಾ ಕೂತಿದ್ದಳು. ಕೊನೆಗೆ ಅಂದಳು, "ಗುಡಿ ಕಾಣ್ತಾವ. ದೇವರ ಮಾರಿನ ಕಾಣವಲ್ದಲ್ಲೋ."

ಮಾರಿ ಅಂದರೆ ಮುಖ. ಅವಳು ಹೇಳಿದ್ದು ಸರಿಯಾಗಿತ್ತು. ಬಿಸಿಲು ನೆತ್ತಿಯ ಮೇಲಿದ್ದಾಗ ಕಲ್ಲಿನ ಮೂರ್ತಿಯ ಹಣೆ, ಮೂಗು ಬೆಳ್ಳಗಾಗುತ್ತವೆ. ಕಣ್ಣು, ತುಟಿ, ಕೊರಳು ಕರ್ರಗಾಗುತ್ತವೆ. ಆಕಾಶ ಸುಣ್ಣ ಬಳಿದಂತೆ ಕಾಣುತ್ತದೆ. ಅಂದಿನಿಂದ ನಾನು ಊರು ಆರಿಸುವುದಕ್ಕಿಂತ ಮೊದಲು ಹೊತ್ತು ಆರಿಸುತ್ತೇನೆ. ಯಾವ ಗೋಡೆಗೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ಮೂರು ಊರುಗಳನ್ನು ನಾನು ಹೋಲಿಸುವುದೂ ಹಾಗೆಯೇ.

ಪಟ್ಟದಕಲ್ಲು: ಬೆಳಗಿನ ಊರು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಒಟ್ಟಾರೆ ಪೂರ್ವಕ್ಕೆ ಹರಿಯುತ್ತಾಳೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಪಟ್ಟದಕಲ್ಲಿನಲ್ಲಿ ಮಾತ್ರ ಉತ್ತರಕ್ಕೆ ತಿರುಗುತ್ತಾಳೆ. ಹೊಳೆ ಉತ್ತರಕ್ಕೆ ಹರಿಯುವ ಜಾಗ ಪವಿತ್ರ ಅನ್ನುವ ನಂಬಿಕೆ ನಮ್ಮಲ್ಲಿದೆ. ಚಾಲುಕ್ಯರ ಅರಸರು ಪಟ್ಟ ಕಟ್ಟಿಸಿಕೊಳ್ಳಲು ಇಲ್ಲಿಗೆ ಬಂದರು. ಊರಿನ ಹೆಸರೇ ಅದನ್ನು ಹೇಳುತ್ತದೆ.

ಫೋಟೊ ತೆಗೆಯುವವರಿಗೆ ಈ ತಿರುವು ಇನ್ನೊಂದು ಉಪಕಾರ ಮಾಡಿದೆ. ಹೊಳೆ ಗುಡಿಗಳ ಮೂಡಣಕ್ಕಿದೆ. ವಿರೂಪಾಕ್ಷ ಗುಡಿಯ ಮುಖವೂ ಮೂಡಣಕ್ಕೆ. ಹಾಗಾಗಿ ಹೊತ್ತು ಹುಟ್ಟಿದಾಗ ಹೊಳೆಯ ಕಡೆಯಿಂದ ಬರುವ ಬೆಳಕು ನೇರವಾಗಿ ಗುಡಿಯ ಮುಖದ ಮೇಲೆ ಬೀಳುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಏಳುವುದು ಏಳಕ್ಕೆ ಹತ್ತು ನಿಮಿಷ ಇದ್ದಾಗ. ಅಲ್ಲಿಂದ ಒಂಬತ್ತರವರೆಗಿನ ಬೆಳಕಿಗೆ ಸಾಟಿಯಿಲ್ಲ. ಮರಳುಗಲ್ಲು ಹಳದಿಯಿಂದ ಜೇನಿನ ಬಣ್ಣಕ್ಕೆ, ಅಲ್ಲಿಂದ ಗುಲಾಬಿಗೆ ತಿರುಗುತ್ತಾ ಹೋಗುತ್ತದೆ. ಗೇಟು ಎಷ್ಟು ಗಂಟೆಗೆ ತೆರೆಯುತ್ತಾರೆ ಅನ್ನುವುದನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ತೆರೆದ ಕೂಡಲೇ ಒಳಗೆ ಇರಬೇಕು.

ಒಳಗೆ ಹೋದ ಮೇಲೆ ಎಲ್ಲರೂ ಮೊದಲು ಸಿಕ್ಕ ಗುಡಿಯ ಮುಂದೆಯೇ ನಿಂತುಬಿಡುತ್ತಾರೆ. ನೀವು ನಿಲ್ಲಬೇಡಿ. ನೇರ ವಿರೂಪಾಕ್ಷಕ್ಕೆ ನಡೆಯಿರಿ. ಪಲ್ಲವರ ಕಂಚಿಯನ್ನು ಎರಡನೆಯ ವಿಕ್ರಮಾದಿತ್ಯ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಎಂಟನೆಯ ಶತಮಾನದ ನಡುವಿನದು. ಕಟ್ಟಿದವನ ಹೆಸರೂ ಶಾಸನದಲ್ಲಿದೆ: ಗುಂಡ ಅನಿವಾರಿತಾಚಾರಿ. ಅರಸನ ಹೆಸರಿನ ಜೊತೆಗೆ ಕೆಲಸಗಾರನ ಹೆಸರೂ ಉಳಿದಿದೆ ಅನ್ನುವುದು ನನಗೆ ಬಹಳ ದೊಡ್ಡ ಮಾತು. ಅಲ್ಲಿ ಫೋಟೊ ತೆಗೆಯುವಾಗಲೆಲ್ಲ ಆ ಹೆಸರನ್ನು ಒಂದು ಸಲ ಬಾಯಲ್ಲಿ ಅಂದುಕೊಳ್ಳುತ್ತೇನೆ.

ಮೂಡಣದ ಮುಖಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಿ. ಚಾವಣಿಯಲ್ಲಿ ರಥ ಏರಿದ ಸೂರ್ಯ ಇದ್ದಾನೆ. ಬೆಳಗಿನ ಬಿಸಿಲು ನೆಲದ ಕಲ್ಲಿಗೆ ಬಡಿದು ಮೇಲಕ್ಕೆ ಪುಟಿದಾಗ ಚಾವಣಿಯ ಸೂರ್ಯನಿಗೆ ಕೆಳಗಿನಿಂದ ಬೆಳಕು ಸಿಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಫೋನನ್ನು ನೆಲದ ಮೇಲೆ ಅಂಗಾತ ಇಟ್ಟು, ಟೈಮರ್ ಹಾಕಿ, ಪಕ್ಕಕ್ಕೆ ಸರಿಯಿರಿ. ನನ್ನ ಕ್ಯಾಮೆರಾಗಿಂತ ನನ್ನ ಹೆಂಡತಿಯ ಫೋನಿನಲ್ಲೇ ಈ ಚಿತ್ರ ಚೆನ್ನಾಗಿ ಬಂದಿದೆ.

ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕತೆಗಳಿವೆ. ಬೆಳಕು ಬರುವುದು ಜಾಲಂಧ್ರಗಳಿಂದ, ಒಂದೊಂದು ಕಿಟಕಿಯ ಕೆತ್ತನೆಯೂ ಬೇರೆ. ಅಲ್ಲಿ ಆತುರ ಮಾಡಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಹಾಗಾಗಿ ಚಪ್ಪಲಿ ಹೊರಗೆ. ಹತ್ತು ಗಂಟೆಯ ಮೇಲೆ ಅಂಗಳದ ಕಲ್ಲು ಕಾಲು ಸುಡುತ್ತದೆ, ಅದಕ್ಕೂ ಬೆಳಗ್ಗೆಯೇ ಒಳ್ಳೆಯದು.

ಒಂಬತ್ತಾದ ಮೇಲೆ ಕಾಶಿವಿಶ್ವನಾಥ ಮತ್ತು ಮಲ್ಲಿಕಾರ್ಜುನ ಗುಡಿಗಳ ಕಡೆ ಬನ್ನಿ. ಒಂದರ ಶಿಖರ ಉತ್ತರದ ನಾಗರ ಶೈಲಿ, ಇನ್ನೊಂದರದು ದಕ್ಷಿಣದ ದ್ರಾವಿಡ ಶೈಲಿ. ಎರಡೂ ಒಂದೇ ಫ್ರೇಮಿನಲ್ಲಿ ಸಿಗುತ್ತವೆ. 1987ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲು ಮುಖ್ಯ ಕಾರಣ ಈ ಎರಡು ಶೈಲಿಗಳ ಕೂಡುವಿಕೆ. ಸಾಧ್ಯವಾದಷ್ಟು ಹಿಂದೆ ಸರಿದು ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಶಿಖರಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ.

ಪಾಪನಾಥವನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಉಳಿದ ಗುಡಿಗಳಿಂದ ಸ್ವಲ್ಪ ದೂರ, ತೆಂಕಣಕ್ಕೆ ಇದೆ. ತೆಂಕಣ ಗೋಡೆಯಲ್ಲಿ ರಾಮಾಯಣ ಕೆತ್ತಿದ್ದಾರೆ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಹಾಗಾಗಿ ಆ ಗೋಡೆಗೆ ಹೊತ್ತೇರಿದ ಮೇಲೂ ಓರೆ ಬೆಳಕು ಸಿಗುತ್ತದೆ. ಹತ್ತೂವರೆಗೆ ಹೋದರೂ ಮೂರ್ತಿಗಳ ಮುಖ ತಿಳಿಯಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಈ ಅನುಕೂಲ ಇಲ್ಲ.

ಪಟ್ಟದಕಲ್ಲಿನ ಕೊರತೆಯೂ ಹೇಳಬೇಕು. ಎಲ್ಲವೂ ಒಂದೇ ಬೇಲಿಯೊಳಗೆ, ಹುಲ್ಲುಹಾಸಿನ ನಡುವೆ ಇದೆ. ಅಚ್ಚುಕಟ್ಟಾಗಿದೆ, ಆದರೆ ಊರಿನ ಜೀವನ ಫ್ರೇಮಿನೊಳಗೆ ಬರುವುದಿಲ್ಲ. ಅದು ಬೇಕಾದರೆ ಐಹೊಳೆಗೆ ಹೋಗಬೇಕು.

ಬಾದಾಮಿ: ಇಳಿಹೊತ್ತಿನ ಕೆಂಪು

ಬಾದಾಮಿಗೆ ಬೆಳಿಗ್ಗೆ ಹೋದವರು ಸಂಜೆಯನ್ನು ಕಳೆದುಕೊಳ್ಳುತ್ತಾರೆ. ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಮೂಡಣ ದಡದಲ್ಲಿದೆ. ಅದರ ಹೊರಮಂಟಪ ಕೆರೆಯ ಕಡೆ, ಅಂದರೆ ಪಡುವಣಕ್ಕೆ ತೆರೆದಿದೆ. ಹಿಂದೆ ಕೆಂಪು ಬಂಡೆಯ ಗೋಡೆ. ಎದುರಿನ ದಡದಲ್ಲಿ ನಿಂತರೆ ಮಧ್ಯಾಹ್ನ ನಾಲ್ಕರ ನಂತರ ಸೂರ್ಯ ನಿಮ್ಮ ಬೆನ್ನ ಹಿಂದಕ್ಕೆ ಬರುತ್ತಾನೆ. ಗುಡಿ, ಬಂಡೆ, ನೀರು ಮೂರೂ ಒಟ್ಟಿಗೆ ಕೆಂಪೇರುತ್ತವೆ. ಐದು ಗಂಟೆಯಿಂದ ಐದೂವರೆವರೆಗಿನ ಆ ಅರ್ಧ ಗಂಟೆಗಾಗಿ ನಾನು ಬಾಗಲಕೋಟೆಯಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ.

ಒಂದು ಮಾತು ನೆನಪಿರಲಿ. ನೀರಿನಲ್ಲಿ ಗುಡಿಯ ನೆರಳು ಕನ್ನಡಿಯಂತೆ ಮೂಡಬೇಕು ಅಂದರೆ ಗಾಳಿ ಇರಬಾರದು. ಸಂಜೆ ಗಾಳಿ ಜಾಸ್ತಿ. ಬೆಳಿಗ್ಗೆ ನೀರು ಅಲ್ಲಾಡುವುದಿಲ್ಲ, ಆದರೆ ಗುಡಿ ಬಂಡೆಯ ನೆರಳಿನಲ್ಲಿರುತ್ತದೆ. ಬಣ್ಣ ಬೇಕೋ, ಕನ್ನಡಿ ಬೇಕೋ? ನನ್ನ ಮತ ಬಣ್ಣಕ್ಕೆ.

ಕೆರೆಯ ಮೆಟ್ಟಿಲಲ್ಲಿ ಹೆಂಗಸರು ಅರಿವೆ ಒಗೆಯುತ್ತಿರುತ್ತಾರೆ. ಕಲ್ಲಿಗೆ ಬಟ್ಟೆ ಬಡಿದ ಸದ್ದು ಎದುರಿನ ಬಂಡೆಗೆ ಹೋಗಿ ತಿರುಗಿ ಬರುತ್ತದೆ. ಒದ್ದೆಯಾದ ಕೆಂಪು ಮೆಟ್ಟಿಲ ಮೇಲೆ ಹರವಿದ ಇಳಕಲ್ಲ ಸೀರೆ, ಪಕ್ಕದಲ್ಲಿ ಒಣಗಲು ಹಾಕಿದ ಗುಳೇದಗುಡ್ಡದ ಖಣದ ಕುಪ್ಪಸ ಕಂಡರೆ ಕೈ ತಾನಾಗಿಯೇ ಕ್ಯಾಮೆರಾಗೆ ಹೋಗುತ್ತದೆ. ಆದರೆ ಕೇಳದೆ ತೆಗೆಯಬೇಡಿ. "ಅಕ್ಕಾ, ಒಂದ ಫೋಟೊ ತಗೋಲೇನ್ರಿ?" ಅಂದರೆ ಸಾಕು. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಅವರದು ದಿನದ ಕೆಲಸ.

ಗುಹೆಗಳ ವಿಷಯ ಬೇರೆ. ನಾಲ್ಕು ಗುಹೆಗಳೂ ತೆಂಕಣ ಗುಡ್ಡದಲ್ಲಿವೆ, ಬಡಗಣದ ಕಡೆಗೆ ತೆರೆದಿವೆ. ಚಳಿಗಾಲದಲ್ಲಿ ಒಳಗೆ ನೇರ ಬಿಸಿಲು ಬೀಳುವುದಿಲ್ಲ. ಇದು ಕೊರತೆ ಅಲ್ಲ, ವರ. ಎದುರಿನ ಕೆರೆ, ಊರು, ಗುಡ್ಡದಿಂದ ಪುಟಿದು ಬರುವ ಮೆತ್ತಗಿನ ಬೆಳಕಿನಲ್ಲಿ ಮೂರ್ತಿಗಳ ಮುಖ ಸಮನಾಗಿ ಕಾಣುತ್ತದೆ. ಮಧ್ಯಾಹ್ನ ಬೇರೆಲ್ಲೂ ಫೋಟೊ ತೆಗೆಯಲಾಗದ ಹೊತ್ತಿನಲ್ಲಿ ಗುಹೆಯೊಳಗೆ ತೆಗೆಯಬಹುದು. ಆದ್ದರಿಂದ ಎರಡು ಗಂಟೆಗೆ ಗುಹೆ, ನಾಲ್ಕೂವರೆಗೆ ಕೆರೆಯ ದಡ. ಇದೇ ನನ್ನ ಕ್ರಮ.

ಒಂದನೆಯ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನೆ. ನೇರ ಎದುರು ನಿಂತು ತೆಗೆದರೆ ಕೈಗಳೆಲ್ಲ ಬೀಸಣಿಗೆಯಂತೆ ಚಪ್ಪಟೆಯಾಗಿ ಕಾಣುತ್ತವೆ. ಎರಡು ಹೆಜ್ಜೆ ಬದಿಗೆ ಸರಿದು, ಮೊಣಕಾಲೂರಿ ತೆಗೆದು ನೋಡಿ. ಒಂದು ಕೈಯ ಹಿಂದೆ ಇನ್ನೊಂದು ಕೈ ಮೂಡುತ್ತದೆ, ಮೈ ತಿರುಗುತ್ತಿರುವಂತೆ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈಗಳನ್ನು ಜೋಡಿ ಜೋಡಿಯಾಗಿ ಎಣಿಸಲು ಹೇಳಿ. ಎಣಿಸುವಷ್ಟು ಹೊತ್ತು ಅವರು ನೋಡುತ್ತಾರೆ ಅಲ್ವಾ?

ಮೂರನೆಯ ಗುಹೆ ದೊಡ್ಡದು. 578ರ ಶಾಸನ ಇಲ್ಲಿದೆ, ಹಾಗಾಗಿ ಕಾಲ ಖಚಿತ. ಕಂಬದ ಮೇಲ್ತುದಿಯಲ್ಲಿ ಕೆತ್ತಿದ ಬೊಂಬೆಗಳು, ಅನಂತನ ಮೇಲೆ ಕೂತ ವಿಷ್ಣು, ನರಸಿಂಹ, ಹರಿಹರ ಎಲ್ಲವೂ ಒಂದೇ ಸಾಲಿನ ಪಡಸಾಲೆಯಲ್ಲಿ. ಇಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ. ಫೋನಿನಲ್ಲಿ ತೆಗೆಯುವವರು ಮೂರ್ತಿಯ ಮುಖದ ಮೇಲೆ ಬೆರಳು ಒತ್ತಿ, ಬೆಳಕಿನ ಗೆರೆಯನ್ನು ತುಸು ಕೆಳಕ್ಕೆ ಎಳೆಯಿರಿ. ಫೋನು ತಾನಾಗಿ ಬಿಟ್ಟರೆ ಕೆಂಪು ಕಲ್ಲನ್ನು ಕಿತ್ತಳೆ ಮಾಡಿಬಿಡುತ್ತದೆ.

ಬಾದಾಮಿಯ ಕೋತಿಗಳ ಬಗ್ಗೆ ಎಚ್ಚರ ಇರಲಿ. ಗುಹೆಯ ಮೆಟ್ಟಿಲಲ್ಲಿ ನನ್ನ ಕೈಯಿಂದ ಒಂದು ಮಂಗ ಚೀಲ ಕಿತ್ತುಕೊಂಡು ಬಂಡೆ ಏರಿತು. ಅದರಲ್ಲಿ ಬಾಳೆಹಣ್ಣೂ ಇತ್ತು, ಒಂದು ಲೆನ್ಸೂ ಇತ್ತು. ಹಣ್ಣು ತೆಗೆದುಕೊಂಡು ಚೀಲ ಕೆಳಗೆ ಒಗೆಯಿತು. ಲೆನ್ಸು ಒಡೆಯಿತು. ತಿನ್ನುವುದನ್ನು ಕ್ಯಾಮೆರಾ ಚೀಲದಲ್ಲಿ ಇಡಬೇಡಿ. ಮೆಟ್ಟಿಲು ಏರುವಾಗ ಪಟ್ಟಿ ಕೊರಳಿಗೆ ಅಡ್ಡ ಹಾಕಿಕೊಳ್ಳಿ.

ಬಡಗಣದ ಗುಡ್ಡಕ್ಕೆ ಹೋಗಬೇಕೋ ಬೇಡವೋ? ಮೊಣಕಾಲು ಗಟ್ಟಿ ಇದ್ದರೆ ಹೋಗಿ. ವಸ್ತುಸಂಗ್ರಹಾಲಯದ ಪಕ್ಕದಿಂದ ಬಂಡೆಗಳ ಸಂದಿಯಲ್ಲಿ ದಾರಿ ಏರುತ್ತದೆ. ಮೇಲಿನಿಂದ ಕೆರೆ, ಊರು, ಎದುರಿನ ಗುಹೆಗಳು ಒಟ್ಟಿಗೆ ಸಿಗುತ್ತವೆ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ.

ಕನ್ನಡ ಓದುವವರು ಬಾದಾಮಿಗೆ ಬಂದು ಕಪ್ಪೆ ಅರಭಟ್ಟನ ಶಾಸನ ನೋಡದೆ ಹೋದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಕೆರೆಯ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯಲ್ಲಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅನ್ನುವ ತ್ರಿಪದಿ ಸುಮಾರು 1,300 ವರ್ಷಗಳಿಂದ ಮಳೆ, ಬಿಸಿಲಿಗೆ ಒಡ್ಡಿಕೊಂಡು ಅಲ್ಲೇ ನಿಂತಿದೆ. ಅಕ್ಷರಗಳು ಆಳವಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಬರೀ ಬಂಡೆ ಕಾಣುತ್ತದೆ. ಬದಿಯಿಂದ ಬೆಳಕು ಸವರಿಕೊಂಡು ಹೋಗುವ ಹೊತ್ತಿಗೆ ಕಾಯಬೇಕು, ಆಗ ಒಂದೊಂದೇ ಅಕ್ಷರ ಮೇಲೇಳುತ್ತದೆ. ಸೀಮೆಸುಣ್ಣ ಬಳಿದು, ನೀರು ಚೆಲ್ಲಿ ಅಕ್ಷರ ಮೂಡಿಸುವ ಕೆಲಸ ಯಾರೂ ಮಾಡಬಾರದು. ಕಲ್ಲು ಹಾಳಾಗುತ್ತದೆ.

ಐಹೊಳೆ: ಅವಸರ ಇಲ್ಲದವರಿಗೆ

ಬರೀ ಅಂದದ ಫೋಟೊ ಬೇಕು ಅನ್ನುವವರಿಗೆ ಪಟ್ಟದಕಲ್ಲು, ಬಾದಾಮಿ ಸಾಕು. ಗುಡಿ ಕಟ್ಟುವುದನ್ನು ನಮ್ಮವರು ಹೇಗೆ ಕಲಿತರು ಅಂತ ನೋಡುವ ಆಸೆ ಇದ್ದರೆ ಐಹೊಳೆಗೆ ಬನ್ನಿ. ನೂರಕ್ಕೂ ಜಾಸ್ತಿ ಗುಡಿಗಳಿವೆ. ಕೆಲವು ಬೇಲಿಯೊಳಗೆ, ಉಳಿದವು ಮನೆಗಳ ನಡುವೆ, ಹೊಲದ ಬದಿಗೆ. ಹೆಸರುಗಳನ್ನೇ ನೋಡಿ: ಲಾಡ್ ಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ. ಅಲ್ಲಿ ಬದುಕಿದ ಜನರ ಹೆಸರು ಗುಡಿಗಳಿಗೆ ಅಂಟಿಕೊಂಡಿವೆ.

ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಇದು ದುರ್ಗೆಯ ಗುಡಿ ಅಂತ ಬಹಳ ಜನ ತಿಳಿದಿದ್ದಾರೆ, ಹೆಸರು ಬಂದಿದ್ದು ಕೋಟೆ ಅನ್ನುವ ಅರ್ಥದ ದುರ್ಗದಿಂದ. ಸುತ್ತ ಕಂಬಗಳ ಪಡಸಾಲೆ, ಒಳಗೋಡೆಯ ಗೂಡುಗಳಲ್ಲಿ ಮೂರ್ತಿಗಳು. ಬೆಳಗ್ಗೆ ಮೂಡಣ ಬದಿಯ ಕಂಬಗಳ ನಡುವಿನಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಒಳಗೆ ಬೀಳುತ್ತದೆ, ಸಂಜೆ ಹಿಂಬದಿಯ ದುಂಡು ಭಾಗಕ್ಕೆ. ಪಟ್ಟೆ ಮೂರ್ತಿಯ ಮುಖದ ಮೇಲೆ ಬಂದಾಗ ಮಾತ್ರ ಒತ್ತಿ. ಅದು ಬರುವವರೆಗೆ ಕಟ್ಟೆಯ ಮೇಲೆ ಕೂತಿರಿ. ಅವ್ವ ಅಂದಿದ್ದ "ಮಾರಿ" ನನಗೆ ಮೊದಲ ಸಲ ಸಿಕ್ಕಿದ್ದು ಇಲ್ಲೇ. ಮಹಿಷಮರ್ದಿನಿಯ ಕೆನ್ನೆಯ ಮೇಲೆ ಒಂದು ಗೇಣು ಬಿಸಿಲು. ಐದಾರು ನಿಮಿಷ ಇತ್ತು, ಆಮೇಲೆ ಕಂಬದ ಹಿಂದೆ ಹೋಯಿತು.

ಮೇಗುಟಿಯ ವಿಷಯದಲ್ಲಿ ನಾನು ಮೇಲೆ ಹೇಳಿದ ಬಿಸಿಲಿನ ಲೆಕ್ಕವೆಲ್ಲ ತಿರುಗುಮುರುಗು. ಗುಡ್ಡದ ಮೇಲಿನ ಈ ಬಸದಿಯ ಮೂಡಣ ಹೊರಗೋಡೆಯಲ್ಲಿ ಕವಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ, ಅಂದರೆ ಅರಸನನ್ನು ಹೊಗಳುವ ಶಾಸನ ಇದೆ. ಶಕ 556, ಅಂದರೆ 634ನೇ ಇಸವಿ. ಹತ್ತೊಂಬತ್ತು ಸಾಲು. ಹರ್ಷನನ್ನು ಪುಲಕೇಶಿ ಗೆದ್ದ ಮಾತು ಇದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಇದೆ. ಬೆಳಗಿನ ಏಳಕ್ಕೆ ಹೋದರೆ ಮೂಡಣ ಗೋಡೆಗೆ ಬಿಸಿಲು ಎದುರಿನಿಂದ ಬೀಳುತ್ತದೆ, ಅಕ್ಷರಗಳು ಕಲ್ಲಿನಲ್ಲಿ ಕರಗಿಹೋಗುತ್ತವೆ. ಹನ್ನೊಂದರ ಮೇಲೆ ಸೂರ್ಯ ಮೇಲೇರಿ ಗೋಡೆಯನ್ನು ಸವರಿಕೊಂಡು ಇಳಿಯುತ್ತಾನೆ. ಆಗ ಪ್ರತಿ ಅಕ್ಷರದ ಕೆಳಗೂ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಇಡೀ ಶಾಸನ ಮೂಡಿ ನಿಲ್ಲುತ್ತದೆ. ಹನ್ನೆರಡೂವರೆ ದಾಟಿತೋ, ಗೋಡೆ ಪೂರ್ತಿ ನೆರಳಿಗೆ ಹೋಗುತ್ತದೆ. ಮಟಮಟ ಮಧ್ಯಾಹ್ನ ಗುಡ್ಡ ಹತ್ತುವುದು ಸುಲಭ ಅಲ್ಲ, ಟೊಪ್ಪಿಗೆ, ನೀರು ಇರಲಿ. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಹೆ ಸಿಗುತ್ತದೆ, ಅಲ್ಲಿ ನೆರಳಿದೆ.

ರಾವಣಫಡಿ ಗುಹೆಯ ಹತ್ತು ಕೈಗಳ ಶಿವ, ಸುತ್ತಲಿನ ಸಪ್ತಮಾತೃಕೆಯರು ಬಾದಾಮಿಯ ನಟರಾಜನಿಗಿಂತ ನನಗೆ ಹೆಚ್ಚು ಇಷ್ಟ. ತೆಳ್ಳಗಿನ ಮೈ, ಎತ್ತರದ ಕಿರೀಟ, ಸೀರೆಯ ನಿರಿಗೆಯ ಸಣ್ಣ ಗೆರೆಗಳು. ಒಳಗೆ ಕತ್ತಲೆ, ಕೈ ಅಲ್ಲಾಡದಂತೆ ಕಂಬಕ್ಕೆ ಬೆನ್ನು ಕೊಟ್ಟು ನಿಂತುಕೊಳ್ಳಿ.

ಐಹೊಳೆಯಲ್ಲಿ ಊರಿನವರ ಮನೆಬಾಗಿಲಿಗೇ ಹೋಗಿ ನಿಲ್ಲುತ್ತೀರಿ ಅನ್ನುವುದು ಮರೆಯಬಾರದು. ಗುಡಿಯ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದ ಒಬ್ಬ ಅಜ್ಜಿಯ ಫೋಟೊ ಕೇಳಿ ತೆಗೆದೆ. "ತಗೊಂಡ ಹೋಗ್ತೀರಿ, ತಂದ ಕೊಡಂಗಿಲ್ಲ" ಅಂದಳು. ಮುಂದಿನ ತಿಂಗಳು ಪ್ರಿಂಟ್ ಹಾಕಿಸಿ ಒಯ್ದೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಒಳಗಿನ ಕೋಣೆಗೆ ಒಯ್ದು, ದೇವರ ಫೋಟೊಗಳ ಸಾಲಿನಲ್ಲಿ ಇಟ್ಟು ಬಂದಳು. ಅಂದಿನಿಂದ ಊರಿನವರ ಫೋಟೊ ತೆಗೆದರೆ ಪ್ರಿಂಟ್ ಕೊಟ್ಟೇ ಬರುತ್ತೇನೆ.

ಬೆಳಗಾವಿ, ವಿಜಯಪುರದಿಂದ ಹತ್ತಿರದಲ್ಲೇ ಆಗಬೇಕು ಅಂದರೆ

ಬೆಳಗಾವಿಯಿಂದ ಬಾದಾಮಿಗೆ ಹೋಗಿ ಬರುವುದಕ್ಕೇ ದಿನದ ಅರ್ಧ ಹೋಗುತ್ತದೆ. ಒಂದೇ ದಿನ ಇದ್ದರೆ ಖಾನಾಪುರ ತಾಲ್ಲೂಕಿನ ಹಲಸಿ ನೋಡಿ. ಕದಂಬರ ಎರಡನೆಯ ರಾಜಧಾನಿ ಆಗಿದ್ದ ಊರು. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು ಇವೆ. ಮೆಟ್ಟಿಲು ಮೆಟ್ಟಿಲಾದ ಶಿಖರ, ಸುತ್ತ ಹಸಿರು. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಗೆ ಹೋದರೆ ಕಪ್ಪು ಕಲ್ಲಿನ ಮೇಲೆ ಪಾಚಿಯ ಹಸಿರು ಸಿಗುತ್ತದೆ. ಬಾದಾಮಿಯ ಕೆಂಪನ್ನು ಇಲ್ಲಿ ಹುಡುಕಬೇಡಿ. ಜನ ಕಡಿಮೆ, ಅದೇ ದೊಡ್ಡ ಲಾಭ.

ವಿಜಯಪುರದವರಿಗೆ ಊರಲ್ಲೇ ಇಬ್ರಾಹಿಂ ರೋಜಾ ಇದೆ. ಎಲ್ಲರೂ ಗೋಳಗುಮ್ಮಟಕ್ಕೆ ನುಗ್ಗುತ್ತಾರೆ. ಗುಮ್ಮಟ ದೊಡ್ಡದು, ಫೋಟೊದಲ್ಲಿ ಆ ದೊಡ್ಡತನ ಹಿಡಿಯುವುದು ಕಷ್ಟ. ರೋಜಾದಲ್ಲಿ ಸಮಾಧಿ ಮತ್ತು ಮಸೀದಿ ಒಂದೇ ಕಟ್ಟೆಯ ಮೇಲೆ ಎದುರುಬದುರು, ನಡುವೆ ಕಾರಂಜಿಯ ಕೊಳ. ಸಂಜೆ ಮಸೀದಿಯ ಕಡೆ ನಿಂತು ಸಮಾಧಿಯನ್ನು ತೆಗೆಯಿರಿ. ಪಡುವಣದ ಬಿಸಿಲು ಮಿನಾರುಗಳ ಮೇಲೆ, ಗೋಡೆಯ ಬರಹದ ಮೇಲೆ ಓರೆಯಾಗಿ ಬೀಳುತ್ತದೆ. ಗೋಳಗುಮ್ಮಟದ ಮುಂದಿನ ಸಂಗ್ರಹಾಲಯಕ್ಕೂ ಹೋಗಿ. ಚಾಲುಕ್ಯ ಅರಸ ಮಂಗಳೇಶನ ಶಾಸನ ಇರುವ ಮಹಾಕೂಟದ ಕಂಬ ಅಲ್ಲಿದೆ. ಅದನ್ನು ನೋಡಿಕೊಂಡು ಇನ್ನೊಂದು ದಿನ ಮಹಾಕೂಟಕ್ಕೆ ಹೋದರೆ ಕಂಬ ಎಲ್ಲಿಂದ ಬಂತೋ ಆ ಜಾಗ ಸಿಗುತ್ತದೆ. ಸದಾ ನೀರು ತುಂಬಿದ ವಿಷ್ಣು ಪುಷ್ಕರಿಣಿ, ಮರಗಳ ನೆರಳು, ನೀರಲ್ಲಿ ಈಜುವ ಹುಡುಗರು. ಮಧ್ಯಾಹ್ನದ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಬಾದಾಮಿ, ಪಟ್ಟದಕಲ್ಲಿನ ನಡುವೆ ಇದಕ್ಕಿಂತ ಒಳ್ಳೆಯ ತಾಣ ಇಲ್ಲ.

ಮಳೆಗಾಲವೋ ಚಳಿಗಾಲವೋ

ನವೆಂಬರಿನಿಂದ ಫೆಬ್ರವರಿ. ಆಕಾಶ ತಿಳಿ, ಬಿಸಿಲು ಓರೆ, ನಡೆಯಲು ಹಿತ. ಹೊಳೆಯ ಮೇಲೆ ಮುಂಜಾನೆ ತೆಳ್ಳಗೆ ಮಂಜು ಇರುವ ದಿನಗಳೂ ಸಿಗುತ್ತವೆ. ಬನಶಂಕರಿ ಜಾತ್ರೆ ಜನವರಿಯ ಹೊತ್ತಿಗೆ ಬರುತ್ತದೆ. ಜಾತ್ರೆಯ ಫೋಟೊ ಬೇಕಾದವರಿಗೆ ಹಬ್ಬ, ಗುಡಿಗಳನ್ನು ನಿರಾಳವಾಗಿ ನೋಡಬೇಕು ಅನ್ನುವವರು ಆ ವಾರ ಬಿಡಿ. ರೂಮು ಸಿಗುವುದಿಲ್ಲ.

ಮಳೆಗಾಲಕ್ಕೆ ಒಂದೇ ಕಾರಣ: ಬಾದಾಮಿಯ ಅಕ್ಕ-ತಂಗಿ ಜಲಪಾತ. ಜೋರು ಮಳೆ ಬಿದ್ದಾಗ ಮಾತ್ರ ಬಂಡೆಯಿಂದ ಎರಡು ಧಾರೆ ಕೆರೆಯ ಕಡೆ ಬೀಳುತ್ತವೆ, ಮಳೆ ನಿಂತರೆ ಬೇಗ ಸೊರಗುತ್ತವೆ. ಒದ್ದೆ ಬಂಡೆಯ ಕೆಂಪು ಒಣಗಿದ ಬಂಡೆಗಿಂತ ಎರಡು ಪಟ್ಟು ಗಾಢ. ಆದರೆ ಹೊಳೆಯ ಸುದ್ದಿ ಕೇಳಿಕೊಂಡು ಹೊರಡಿ. 2019ರ ಆಗಸ್ಟಿನ ಪ್ರವಾಹದಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆಯ ನೀರು ನುಗ್ಗಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬರಬೇಡಿ.

ಕ್ಯಾಮೆರಾ, ಫೋನು, ಗಾಡಿ

ಒಳ್ಳೆಯ ಫೋನು ಇದ್ದರೆ ಇದಕ್ಕೆಂದೇ ಕ್ಯಾಮೆರಾ ಕೊಳ್ಳಬೇಡಿ. ಗುಹೆಯ ಕತ್ತಲೆ ಮತ್ತು ಶಿಖರದ ತುದಿಯ ಕೆತ್ತನೆ, ಈ ಎರಡಕ್ಕೆ ಮಾತ್ರ ಕ್ಯಾಮೆರಾ ಮೇಲು. ಕ್ಯಾಮೆರಾ ಇರುವವರು ಒಂದು 50 ಎಂಎಂ ಲೆನ್ಸು, ಒಂದು ಝೂಮ್ ಲೆನ್ಸು ತಂದರೆ ಸಾಕು. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ಕೂಡ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಗೇಟಿನಲ್ಲಿ ವಾದ ಮಾಡಿ ಬೆಳಗಿನ ಬೆಳಕು ಕಳೆದುಕೊಳ್ಳಬೇಡಿ.

ಬಸ್ಸಿನಲ್ಲಿ ಬರುವವರು ಬಾದಾಮಿಯಲ್ಲಿ ಉಳಿದು ಪಟ್ಟದಕಲ್ಲಿಗೆ ಹೋಗಿ ಬನ್ನಿ, ಐಹೊಳೆಯನ್ನು ಇನ್ನೊಮ್ಮೆಗೆ ಇಡಿ. ರೈಲಾದರೆ ಗದಗ-ಹೋಟಗಿ ಮಾರ್ಗದಲ್ಲಿ ಬಾದಾಮಿ ಸ್ಟೇಶನ್ ಇದೆ, ಊರಿನಿಂದ ಐದು ಕಿಲೋಮೀಟರ್ ಆಚೆ. ಬೈಕ್ ಇದ್ದವರಿಗೆ ಮಲಪ್ರಭೆಯ ದಂಡೆಯ ದಾರಿ ಚೆಂದ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಸೂರ್ಯಕಾಂತಿ, ಜೋಳದ ಹೊಲಗಳ ಹಿಂದೆ ದೂರದಲ್ಲಿ ಶಿಖರ ಕಾಣುವ ಜಾಗಗಳಿವೆ.

ಎರಡು ದಿನ ಇದ್ದವರಿಗೆ ನಾನು ಹೇಳುವುದು ಹೀಗೆ. ಮೊದಲ ದಿನ ಮಧ್ಯಾಹ್ನ ಬಾದಾಮಿಗೆ ಬನ್ನಿ. ಬರುತ್ತಾ ಬನಶಂಕರಿಯಲ್ಲಿ ಇಳಿಯಿರಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು ಬಡಿಸುತ್ತಾರೆ. ಉಂಡು, ಎರಡಕ್ಕೆ ಗುಹೆ, ನಾಲ್ಕೂವರೆಗೆ ಭೂತನಾಥದ ಎದುರಿನ ದಡ. ರಾತ್ರಿ ಬಾದಾಮಿಯಲ್ಲೇ ಉಳಿಯಿರಿ. ಮರುದಿನ ಕತ್ತಲಿರುವಾಗಲೇ ಹೊರಟು ಹೊತ್ತು ಹುಟ್ಟುವಾಗ ಪಟ್ಟದಕಲ್ಲು. ಹತ್ತಕ್ಕೆ ಅಲ್ಲಿಂದ ಬಿಟ್ಟರೆ ಹನ್ನೊಂದಕ್ಕೆ ಮೇಗುಟಿಯ ಗೋಡೆಯ ಮುಂದೆ ಇರುತ್ತೀರಿ. ಸಂಜೆಯವರೆಗೆ ಐಹೊಳೆ.

ಒಂದೇ ದಿನ ಇದ್ದವರು ಐಹೊಳೆ ಬಿಡಿ. ಬೆಳಿಗ್ಗೆ ಪಟ್ಟದಕಲ್ಲು, ಮಧ್ಯಾಹ್ನ ಮಹಾಕೂಟದ ನೆರಳು, ಸಂಜೆ ಬಾದಾಮಿ. ಕಳೆದ ಚಳಿಗಾಲ ಅವ್ವನನ್ನು ಹೀಗೆಯೇ ಕರೆದುಕೊಂಡು ಹೋದೆ. ವಿರೂಪಾಕ್ಷದ ಮುಂದೆ ಏಳೂಕಾಲಿಗೆ ಅವಳನ್ನು ನಿಲ್ಲಿಸಿ ಫೋಟೊ ತೆಗೆದೆ. ಫೋನು ಕೈಗೆ ತೆಗೆದುಕೊಂಡು, ಎರಡು ಬೆರಳಿಂದ ದೊಡ್ಡದು ಮಾಡಿ, ತನ್ನ ಮುಖ ಬಿಟ್ಟು ಹಿಂದಿನ ಗೋಡೆಯ ಮೂರ್ತಿಗಳನ್ನೇ ಒಂದೊಂದಾಗಿ ನೋಡಿದಳು. "ಈಗ ಕಾಣ್ತಾವ ನೋಡು" ಅಂದಳು.